ಚೌಕಾಸಿಗೆ ಜಾಗವಿಡದ ಕಂಪನಿಯ ಮೇಲೊಂದು ದೂರು

ಗೆ,
ಮಾನ್ಯ ಮುಖ್ಯಸ್ಥರು,
ಹೋಗುವ ಗ್ರಾಹಕರನ್ನು ತಡೆದು ನಿಲ್ಲಿಸುವ ವಿಭಾಗ,
ಮುಗಿಲ್‌ವಿಷನ್ ಡಿಟಿಎಚ್ ಕಂಪನಿ.

ವಿಷಯ: ನಮ್ಮ ಮನೆಗೆ ಒಂದು ವರ್ಷ ಟೀವಿಯನ್ನು ಪುಗಸಟ್ಟೆ ಕೊಟ್ಟು ತಾವು ಎಸಗಿರುವ ಅನ್ಯಾಯದ ಕುರಿತು.

ಮಾನ್ಯರೇ,

ಶಿಕಾರಿಪುರದಿಂದ ವರದಮ್ಮ ಎಂಬ ಬಡ ಗ್ರಾಹಕಿ ಮಾಡುವ ನಮಸ್ಕಾರಗಳು. ತಮ್ಮ ಆರೋಗ್ಯ, ತಮ್ಮ ಮನೆಮಂದಿಯ ಆರೋಗ್ಯ, ಹಾಗೆಯೇ ಮೇಲೆ ಊಟ ತಿಂಡಿ ಇಲ್ಲದೆ ಒಂದೇ ಸಮನೆ ತಿರುಗುತ್ತಿರುವ ತಮ್ಮ ಉಪಗ್ರಹದ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ನಮ್ಮ ತಾರಸಿಯ ಮೇಲಿರುವ ತಮ್ಮ ಛತ್ರಿಯೂ ಕ್ಷೇಮ. ಕಾಗೆ ಬಂದು ಕೂತಾಗ ಮಾತ್ರ ಧಾರಾವಾಹಿಯ ಅತ್ತೆಯ ಮುಖ ಚೌಕ ಚೌಕವಾಗಿ ಒಡೆದು ಹೋಗುತ್ತದೆ, ಅದು ಆಕೆಗೆ ಆಗಬೇಕಾದ ಶಿಕ್ಷೆಯೇ ಆದ್ದರಿಂದ ಆ ಬಗ್ಗೆ ನಮ್ಮ ದೂರಿಲ್ಲ. ಹತ್ತನೇ ತರಗತಿಯಲ್ಲಿ ಪತ್ರಲೇಖನಕ್ಕೆ ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದ ಮೇಷ್ಟ್ರ ಹತ್ತಿರ ಮಾತಾಡಿ ಒಂಬತ್ತು ಮಾಡಿಸಿಕೊಂಡವಳು ನಾನು. ಆದ್ದರಿಂದ ಈ ಪತ್ರದಲ್ಲಿ ತಪ್ಪುಗಳಿದ್ದರೆ ಒಂದೇ ಒಂದು ಅಂಕದಷ್ಟು ಇರಬಹುದು, ಮನ್ನಿಸಬೇಕು.

ನಾನು ಯಾರೆಂಬುದು ತಮಗೆ ಸರಿಯಾಗಿ ಗೊತ್ತಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಅಡುಗೆ ಭಟ್ಟರಿಗಿಂತ ಮೊದಲು ನನಗೆ ಹೇಳಿ ಕಳಿಸುತ್ತಾರೆ, ಏಕೆಂದರೆ ಜವಳಿ ತೆಗೆಯಲು ದಾವಣಗೆರೆಗೆ ಹೊರಡುವ ಗಾಡಿಯಲ್ಲಿ ಮುಂದಿನ ಸೀಟು ನನ್ನದು. ನನ್ನ ವಿಧಾನ ಸರಳವಾದದ್ದು. ಅಂಗಡಿಯವರು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುತ್ತೇನೆ, ಅವರು ಎದೆ ಹಿಡಿದುಕೊಳ್ಳುತ್ತಾರೆ, ನಾನು ಸೀರೆಯ ಮೇಲಿಂದ ಕೈ ತೆಗೆದು ಎದ್ದು ಹೊರಡುತ್ತೇನೆ, ಏಳನೇ ಹೆಜ್ಜೆಗೆ ಹಿಂದಿನಿಂದ ಕೂಗು ಬರುತ್ತದೆ. ಇದಕ್ಕೆಲ್ಲ ಒಂದೇ ಒಂದು ನೇಮವುಂಟು: ನಾವು ಕೇಳಿದ ಬೆಲೆಗೆ ಅಂಗಡಿಯವರು ಕೊಟ್ಟುಬಿಟ್ಟರೆ ಬೇಕಿರಲಿ ಬೇಡವಾಗಿರಲಿ ತೆಗೆದುಕೊಳ್ಳಲೇಬೇಕು. ಕೇಳಿ ಕೊಡಿಸಿಕೊಂಡು ಬಿಟ್ಟು ಬಂದವಳು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ, ಹತ್ತಿದರೂ ಯಾರೂ ಚಾಪೆ ಹಾಸುವುದಿಲ್ಲ.

ಈಗ ದೂರಿನ ಬುಡಕ್ಕೆ ಬರುತ್ತೇನೆ. ನಮ್ಮ ಮನೆಯವರು ಅಂಬ್ಲಿಗೊಳದ ಕಾಲುವೆಯ ತೂಬು ತೆರೆದು ಮುಚ್ಚುವ ಕೆಲಸದಲ್ಲಿದ್ದಾರೆ. ಹಗಲೆಲ್ಲ 'ನಮ್ಮ ಗದ್ದೆಗೆ ಮೊದಲು, ಅವರದ್ದಕ್ಕೆ ಆಮೇಲೆ' ಎಂಬ ರೈತರ ಜಗಳ ಕೇಳಿ ಕೇಳಿ, ಸಂಜೆ ಮನೆಗೆ ಬರುವಾಗ ಅವರ ಕಿವಿ ತುಂಬಿರುತ್ತದೆ, ಬಾಯಿ ಬರಿದಾಗಿರುತ್ತದೆ. ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಸಂತೆಯಲ್ಲಿ ಚೌಕಾಸಿ ಮಾಡುವಾಗ ಚೀಲ ಹಿಡಿದು ಪಕ್ಕದಲ್ಲಿ ನಿಂತು, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಗುತ್ತಿದ್ದ ಮನುಷ್ಯ ಇವರೇ. ಆರು ವರ್ಷದ ಕೆಳಗೆ ತಮ್ಮ ಪೆಟ್ಟಿಗೆ ಬಂತು ನೋಡಿ, ಅಂದಿನಿಂದ ನಾನು ಎಷ್ಟೇ ದೊಡ್ಡ ಸುದ್ದಿ ತಂದರೂ ಅವರಿಂದ ಬರುವ ಉತ್ತರ 'ಹ್ಞೂಂ' ಒಂದೇ. ಹಿತ್ತಿಲಿಗೆ ಹಾವು ಬಂದಿದೆ ಎಂದರೂ ಹ್ಞೂಂ, ಹೋಯಿತು ಎಂದರೂ ಹ್ಞೂಂ.

ಮಾನ್ಯರೇ, ತಾವು ಕೊಡುವ ಮಾಲು ಕಳಪೆಯೆಂದು ನಾನು ಹೇಳಲಾರೆ. ತಿಂಗಳಿಗೆ ನಾನೂರಾ ಹನ್ನೆರಡು ರೂಪಾಯಿಗೆ ಇನ್ನೂರಾ ಮೂವತ್ತು ಚಾನೆಲ್ಲು ಕೊಡುವ ಧಾರಾಳತನ ಇನ್ನಾರಿಗಿದೆ? ಅದರಲ್ಲಿ ಒಂದರಲ್ಲಿ ಯಾವುದೋ ದೇಶದವನು ದಿನವಿಡೀ ಮೀನು ಹಿಡಿದು, ಅಳತೆ ಮಾಡಿ, ಮುತ್ತಿಟ್ಟು ಮತ್ತೆ ನೀರಿಗೇ ಬಿಡುತ್ತಾನೆ. ಸಾರು ಮಾಡದ ಆ ಮೀನನ್ನು ನಮ್ಮ ಮನೆಯವರು ಎರಡು ವರ್ಷದಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಇನ್ನೊಂದು ಚಾನೆಲ್ಲಿನ ಭಾಷೆ ಯಾವುದೆಂದು ನಮ್ಮ ಕೇರಿಯ ಪದವೀಧರರಿಗೂ ಹೇಳಲಾಗಲಿಲ್ಲ. ಎಲ್ಲವೂ ಚೆಂದವೇ. ಆದರೆ ಈ ಇನ್ನೂರಾ ಮೂವತ್ತಕ್ಕೆ ಬದಲು ನನಗೆ ಬೇಕಿದ್ದದ್ದು ಒಂದೇ ಒಂದು ದನಿ, ಅದು ನಮ್ಮ ಮನೆಯವರದ್ದು. ಹಾಗಾಗಿ ಟೀವಿ ಕಟ್ ಮಾಡಿಸೋಣ, ಮಾತು ತಾನೇ ಬರುತ್ತದೆ ಎಂದುಕೊಂಡೆ.

ಅಲ್ಲಿಯೇ ನಾನು ಎಡವಿದ್ದು. ಪಕ್ಕದ ಮನೆಯ ಬಳೆಗಾರತಿ ಹಾಜಿರಾ ಬೀಯನ್ನು ಧೈರ್ಯಕ್ಕೆ ಕೂರಿಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಒಂದು ಒತ್ತಿ ಎರಡು ಒತ್ತಿ ಒಂಬತ್ತು ಒತ್ತಿ, ಕೊನೆಗೆ ತಮ್ಮ ವಿಭಾಗದ ದೀಪಶ್ರೀ ಎಂಬ ಹುಡುಗಿಯನ್ನು ತಲುಪಿದೆ. ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂದು ಆಕೆ ಕೇಳಿದಳು. ಇದ್ದದ್ದು ನಮ್ಮ ಮನೆಯವರ ಹೆಸರಿನಲ್ಲಿ, ಆ ಹೆಸರನ್ನು ನಾನು ಇಪ್ಪತ್ತಾರು ವರ್ಷದಿಂದ ಬಾಯಿಬಿಟ್ಟು ಹೇಳಿದವಳಲ್ಲ. ನಾನು ತಡವರಿಸುವುದನ್ನು ನೋಡಲಾರದೆ ಹಾಜಿರಾ ಬೀ ಫೋನಿಗೆ ಬಾಯಿಟ್ಟು 'ಮಲ್ಲೇಶಪ್ಪ ಅಂತ ಬರ್ಕಳಮ್ಮ, ಈಯಮ್ಮ ಹೇಳಂಗಿಲ್ಲ' ಎಂದು ನನ್ನನ್ನು ಪಾರು ಮಾಡಿದಳು. ಆಮೇಲೆ ಆ ಹುಡುಗಿ ಬಹಳ ಮರ್ಯಾದೆಯಿಂದ, ಯಾಕೆ ಮೇಡಂ ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಿ ಎಂದು ಕೇಳಿದಳು. ಗಂಡ ಮಾತಾಡುವುದಿಲ್ಲ ಎಂದು ಗುರುತಿಲ್ಲದ ಹುಡುಗಿಯ ಹತ್ತಿರ ಹೇಗೆ ಹೇಳಲಿ? ನಾಚಿಕೆಯಾಯಿತು. 'ದುಬಾರಿ' ಎಂದುಬಿಟ್ಟೆ.

ಆಕೆ ತಕ್ಷಣ ಮುನ್ನೂರೈವತ್ತಕ್ಕೆ ಇಳಿದಳು. ಕೂಗದೆ ಅರಚದೆ ಅರವತ್ತೆರಡು ರೂಪಾಯಿ ತಾನಾಗಿ ಕೆಳಗೆ ಬಿದ್ದದ್ದನ್ನು ಕಂಡು ನನ್ನ ಮೈಯ ರಕ್ತವೆಲ್ಲ ಒಮ್ಮೆಲೇ ಎದ್ದು ಕೂತಿತು. ನಾನು ಕಟ್ ಮಾಡಿಸಲು ಬಂದವಳು ಎಂಬುದೇ ಮರೆತುಹೋಗಿ, ಇನ್ನೂರೈವತ್ತಾದರೆ ನೋಡೋಣ ಎಂದೆ. ಆಕೆ ನನ್ನನ್ನು ಲೈನಿನಲ್ಲಿ ಕಾಯಿಸಿ, ಸ್ವಲ್ಪ ಹೊತ್ತು ಪಿಟೀಲು ಕೇಳಿಸಿ, ವಾಪಸು ಬಂದು, ಆಯಿತು ಮೇಡಂ ಎಂದಳು. ಕೇಳಿದ ಬೆಲೆಗೆ ಕೊಟ್ಟಾಗಿತ್ತು, ಇನ್ನು ಬಿಟ್ಟು ಬರುವಂತಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವಳಂತೆ ಒಪ್ಪಿಕೊಂಡೆ. ಟೀವಿ ಉಳಿಯಿತು, ಜೊತೆಗೆ ಹಳೆಯ ಸಿನೆಮಾಗಳ ನಾಲ್ಕು ಚಾನೆಲ್ಲು ಕೊಸರಾಗಿ ಬಂದವು.

ಛಲ ಬಿಡದೆ ಮುಂದಿನ ತಿಂಗಳು ಹಾಜಿರಾ ಬೀಯನ್ನು ಕೂರಿಸಿಕೊಂಡು ಮತ್ತೆ ಫೋನು ಮಾಡಿದೆ. ಈ ಸಲ ಖಂಡಿತ ಕೊಡಲಾರರು ಎಂದುಕೊಂಡು ನೂರೈವತ್ತಕ್ಕೆ ಕೇಳಿದೆ. ದೀಪಶ್ರೀ ನೂರಾ ತೊಂಬತ್ತೊಂಬತ್ತರಲ್ಲಿ ಕಚ್ಚಿಕೊಂಡು ನಿಂತಳು. ಫೋನಿನಲ್ಲಿ ಎದ್ದು ಹೋಗುವುದು ಹೇಗೆ? ಫೋನನ್ನೇ ಕಟ್ ಮಾಡಿ, ಅಭ್ಯಾಸಬಲದಿಂದ ನಡುಮನೆಯಿಂದ ಬಾಗಿಲ ಕಡೆ ಹೆಜ್ಜೆ ಹಾಕಿದೆ. ಮಾನ್ಯರೇ, ಏಳು ಹೆಜ್ಜೆಯನ್ನೂ ತುಂಬಲು ತಾವು ಬಿಡಲಿಲ್ಲ, ಐದನೆಯದಕ್ಕೇ ಫೋನು ಹೊಡೆದುಕೊಂಡಿತು! ಇಷ್ಟು ವರ್ಷದಲ್ಲಿ ಅಂಗಡಿಯವರು ಬಾಗಿಲವರೆಗೆ ಬಂದು ಕರೆದದ್ದುಂಟು, ಅಂಗಡಿಯೇ ನನ್ನ ಬೆನ್ನು ಹತ್ತಿ ಮನೆಯೊಳಗೆ ಬಂದದ್ದು ಇದೇ ಮೊದಲು. ಹಾಜಿರಾ ಬೀ ಚಪ್ಪಾಳೆ ತಟ್ಟಿದ ರಭಸಕ್ಕೆ ಅವಳ ಕೈಯ ಬಳೆಯೇ ಎರಡು ಒಡೆದವು. ನೂರೈವತ್ತಕ್ಕೆ ಮುಗಿಸಿದೆ.

ಆಗ ಒಂದು ವಿಷಯ ನನ್ನ ಗಮನಕ್ಕೆ ಬಂತು. ಟೀವಿಯಲ್ಲಿ ಮೀನು ಹಿಡಿಯುವವನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ನಮ್ಮ ಮನೆಯವರು ರಿಮೋಟು ಒತ್ತಿ ಸದ್ದನ್ನು ನಿಲ್ಲಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದರು. 'ಎಷ್ಟಕ್ಕಿಳಿದ್ಲು?' ಎಂದು ಕೇಳಿದರು. ಹೇಳಿದೆ. 'ನೂರಿಪ್ಪತ್ತಕ್ಕೆ ಕೇಳ್ಬೇಕಿತ್ತು. ಕಟ್ ಮಾಡಿದ್ದು ಚಲೋ ಮಾಡ್ದಿ, ಆದ್ರೆ ಎರಡನೇ ರಿಂಗಿಗೇ ಎತ್ತಬಾರ್ದಿತ್ತು' ಎಂದು ಶುರುಮಾಡಿದವರು ಊಟಕ್ಕೆ ಕೂತರೂ ನಿಲ್ಲಿಸಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ, ಅದೂ ಇಬ್ಬರಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ತಮ್ಮ ಕಂಪನಿ ನಮಗೆ ಒದಗಿಸಿದ ಸೇವೆಗೆ ನಾನು ಚಿರಋಣಿ. ಕಟ್ ಮಾಡಿಸುತ್ತೇವೆಂದು ಹೆದರಿಸುವ ದಿನ ನಮ್ಮ ಮನೆಯವರು ತೂಬಿನಿಂದ ಬೇಗ ಬಂದು, ಬಿಸಿ ಶೇಂಗಾ ತಂದು, ನಾನು ಏನು ಹೇಳಬೇಕು, ದೀಪಶ್ರೀ ಏನು ಹೇಳಬಹುದು ಎಂದು ತಯಾರಿ ನಡೆಸುತ್ತಿದ್ದರು. ಸುದ್ದಿ ಸೊರಬದವರೆಗೂ ಹೋಗಿ, ಅಲ್ಲಿರುವ ನನ್ನ ಅಕ್ಕ ಮಾಸ್ತಮ್ಮ 'ನಮ್ಮನೆದೂ ಸ್ವಲ್ಪ ಇಳಿಸಿಕೊಡೇ ಮಾರಾಯ್ತಿ' ಎಂದು ಕರೆಸಿಕೊಂಡಳು. ಫೋನಿನ ಕೆಲಸ, ಇಲ್ಲಿಂದಲೇ ಆಗುತ್ತಿತ್ತು. ಆದರೂ ಇವರು ರಜೆ ಹಾಕಿ ಹೊರಟರು! ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು, ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು, ಸೊರಬ ಬರುವವರೆಗೆ ಒಂದೇ ಸಮನೆ ಮಾತಾಡಿದರು. ಅಕ್ಕನ ಮುನ್ನೂರನ್ನು ನೂರಾ ನಲವತ್ತಕ್ಕೆ ಇಳಿಸಿದೆ. ಬಸ್ ಚಾರ್ಜು ಕಳೆದರೆ ಏನು ಗಿಟ್ಟಿತು ಎಂದು ತಾವು ಕೇಳಬಹುದು. ಅದನ್ನು ಅಳೆಯುವ ತಕ್ಕಡಿ ತಮ್ಮ ಅಂಗಡಿಯಲ್ಲಿಲ್ಲ.

ಇಂಥ ಸುಖಕ್ಕೆ ತಾವು ಕಲ್ಲು ಹಾಕಿದಿರಿ. ಹೋದ ತಿಂಗಳು ಎಂಬತ್ತೊಂಬತ್ತಕ್ಕೆ ಕೇಳಬೇಕೆಂದು ಇಬ್ಬರೂ ಸೇರಿ ತೀರ್ಮಾನಿಸಿ, ಶೇಂಗಾ ಸುಲಿದಿಟ್ಟುಕೊಂಡು ಫೋನು ಮಾಡಿದರೆ, ದೀಪಶ್ರೀಯ ಬದಲು ಯಾರೋ ಮೇಲಿನ ಅಧಿಕಾರಿಗಳು ಬಂದರು. ನಾನು ಬಾಯಿ ತೆರೆಯುವ ಮೊದಲೇ, ನಮ್ಮ ನಿಷ್ಠೆಯನ್ನು ಮೆಚ್ಚಿ ಕಂಪನಿಯು ಒಂದು ವರ್ಷ ಎಲ್ಲ ಚಾನೆಲ್ಲುಗಳನ್ನೂ ಉಚಿತವಾಗಿ ಕೊಡುತ್ತಿದೆ, ಇನ್ನು ಮುಂದೆ ಫೋನು ಮಾಡುವ ತೊಂದರೆಯೇ ಬೇಡ ಎಂದರು. ನಿಷ್ಠೆಯಂತೆ! ತಿಂಗಳು ತಿಂಗಳೂ ಬಿಟ್ಟು ಹೋಗುತ್ತೇನೆಂದು ಹೆದರಿಸಿದವಳದ್ದು! ಸೊನ್ನೆಯ ಕೆಳಗೆ ಕೇಳುವುದು ಹೇಗೆ, ಮಾನ್ಯರೇ? ಚೌಕಾಸಿ ಮಾಡದೆ ಸೋತುಕೊಟ್ಟವರ ಎದುರು ಗೆದ್ದವಳ ಪಾಡು ಏನಾಗಬೇಕು? ಇವರು ಶೇಂಗಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ತಿರುಗಿಸಿಕೊಂಡು, ಸದ್ದು ಜೋರು ಮಾಡಿದರು. ಮೀನಿನವನ ದನಿ ವಾಪಸು ಬಂತು, 'ಹ್ಞೂಂ' ಕೂಡ ವಾಪಸು ಬಂತು. ನಾನು ಒಳಗೆ ಹೋಗಿ ಅತ್ತೆ. ಇದನ್ನು ತಮ್ಮಿಂದ ಮುಚ್ಚಿಡುವುದಿಲ್ಲ.

ಆಮೇಲೆ ಎಷ್ಟು ಸಲ ಫೋನು ಮಾಡಿದರೂ, 'ನಿಮ್ಮ ಖಾತೆಯಲ್ಲಿ ಯಾವುದೇ ಬಾಕಿ ಇಲ್ಲ, ಧನ್ಯವಾದಗಳು' ಎಂದು ಒಂದು ಯಂತ್ರ ಹೇಳುತ್ತದೆ. ಅದರ ಹತ್ತಿರವೂ ಮಾತಾಡಿ ನೋಡಿದೆ, ಒಂದು ಪೈಸೆ ಹತ್ತಲೂ ಇಲ್ಲ ಇಳಿಯಲೂ ಇಲ್ಲ.

ಆದಕಾರಣ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ಈ ಪುಗಸಟ್ಟೆಯನ್ನು ಕೂಡಲೇ ಹಿಂದಕ್ಕೆ ಪಡೆದು, ನಮಗೆ ತಿಂಗಳಿಗೆ ಆರುನೂರು ರೂಪಾಯಿಯ ದರ ಹಾಕಬೇಕು. ದೀಪಶ್ರೀಯನ್ನು ಎಲ್ಲಿಗೆ ಹಾಕಿದ್ದರೂ ವಾಪಸು ಕರೆಸಬೇಕು, ಆಕೆಗೆ ಸಂಬಳ ಹೆಚ್ಚಿಸಬೇಕು, ಮತ್ತು ನಾನು ಕೇಳಿದ್ದನ್ನು ಅಷ್ಟು ಸುಲಭವಾಗಿ ಕೊಡಬಾರದೆಂದು ತಾಕೀತು ಮಾಡಬೇಕು. ವಾರಕ್ಕೊಮ್ಮೆ ಸಂಜೆ ಏಳಕ್ಕೆ ಆಕೆ ಫೋನು ಮಾಡಿ, ಆಗುವುದೇ ಇಲ್ಲ ಮೇಡಂ ಎಂದು ಖಡಾಖಂಡಿತವಾಗಿ ಹೇಳಬೇಕು. ಪಿಟೀಲು ಇನ್ನೂ ಸ್ವಲ್ಪ ಉದ್ದವಿದ್ದರೆ ಒಳ್ಳೆಯದು, ಆ ಹೊತ್ತಿನಲ್ಲಿ ನಾವಿಬ್ಬರೂ ಪಿಸುಗುಟ್ಟಿಕೊಳ್ಳಬಹುದು. ಮಧ್ಯೆ ಒಂದೆರಡು ಸಲ ಅವಮಾನ ಮಾಡಿದರೂ ಅಭ್ಯಂತರವಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಟೀವಿಯ ಸದ್ದು ನಿಂತಿತು. 'ಯಾರಿಗೆ ಬರಿತಿದ್ದಿ?' ಎಂದು ಇವರು ಕೇಳಿದರು. ತಮಗೆ ಎಂದೆ. ಪತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹುಡುಕಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಇವರ ಬಗ್ಗೆಯೇ ಬರೆದಿರುವ ಭಾಗವನ್ನು ಮಾತ್ರ ಎರಡು ಸಲ ಓದಿದರು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿಯೇ ಕೂತು, 'ಆರ್ನೂರು ಬ್ಯಾಡ, ಏಳ್ನೂರೈವತ್ತು ಅಂತ ಬರಿ. ಆರ್ನೂರಂದ್ರೆ ಅವ್ರು ಮುನ್ನೂರಕ್ಕಿಂತ ಮ್ಯಾಲೆ ಹತ್ತಂಗಿಲ್ಲ' ಎಂದರು. ಆದ್ದರಿಂದ ಮೇಲೆ ಬರೆದ ದರವನ್ನು ಏಳುನೂರೈವತ್ತು ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ. ಮುಂದಿನ ಪತ್ರದಲ್ಲಿ ಏನು ಬರೆಯಬೇಕೆಂಬ ಬಗ್ಗೆ ನಮ್ಮಿಬ್ಬರಲ್ಲಿ ಈಗಾಗಲೇ ಭಿನ್ನಾಭಿಪ್ರಾಯ ಹುಟ್ಟಿದ್ದು, ಚರ್ಚೆ ಬಿರುಸಿನಿಂದ ಸಾಗಿದೆ.

ಇಂತು, ಎಷ್ಟು ಬಿಡಿಸಿಕೊಂಡರೂ ತಮ್ಮನ್ನು ಬಿಟ್ಟು ಹೋಗಲಾರದ
ತಮ್ಮ ವಿಶ್ವಾಸಿ,
ವರದಮ್ಮ
ಶಿಕಾರಿಪುರ

ವಿ.ಸೂ.: ಉತ್ತರ ಕಳಿಸಲು ಅವಸರ ಪಡಬೇಡಿ. ಟೀವಿಯನ್ನು ಬಂದ್ ಮಾಡಿ ಎರಡು ತಾಸಾಯಿತು, ಇಲ್ಲಿ ಯಾರೂ ತಮ್ಮನ್ನು ಕಾಯುತ್ತಿಲ್ಲ. ಪುಗಸಟ್ಟೆ ಕೊಟ್ಟ ಈ ಇನ್ನೂರಾ ಮೂವತ್ನಾಲ್ಕು ಚಾನೆಲ್ಲಿಗೆ ನಿಜವಾಗಿ ಎಷ್ಟು ಕೊಡಬಹುದು ಎಂದು ಇವರನ್ನು ಕೇಳಿದೆ. 'ಈಗ ನೋಡ್ತಾ ಇಲ್ಲಲ್ಲ, ಈಗ ಸೊನ್ನೆನೇ ಸರಿಯಾದ ರೇಟಾತು' ಎಂದರು.