ಗಾಜಿನ ತೊಟ್ಟಿಯ ಬಾಣಂತಿ

ನಮ್ಮ ಚಿಕ್ಕಪ್ಪನಂಥ ಸಾಧು ಮನುಷ್ಯ ಇಡೀ ಭದ್ರಾವತಿಯಲ್ಲಿ ಇನ್ನೊಬ್ಬರಿಲ್ಲ. ಬೀಡಿಯಿಲ್ಲ, ಇಸ್ಪೀಟಿಲ್ಲ, ಯಾರ ತಂಟೆಗೂ ಹೋದವರಲ್ಲ. ಜನ್ನಾಪುರದ ಅವರ ಮನೆಗೆ ನೀವು ಯಾವಾಗ ಬೇಕಾದರೂ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಒಂದೇ ಒಂದು ಷರತ್ತು. ಆ ಮನೆಯ ಫ್ರಿಜ್ಜಿನ ಬಾಗಿಲನ್ನು ಮಾತ್ರ ನೀವಾಗಿ ನೀವೇ ತೆಗೆಯಕೂಡದು! ಯಾಕೆ ಅಂತೀರಾ? ಹೇಳುತ್ತೇನೆ. ನಿಮ್ಮದು ಊಟ ಆಗಿದೆ ತಾನೆ? ಆಗಿಲ್ಲದಿದ್ದರೆ ಮುಗಿಸಿಕೊಂಡು ಬಂದು ಓದಿ.

ಚಿಕ್ಕಪ್ಪ ಕೆಲಸ ಮಾಡಿದ್ದು ಕಾರ್ಖಾನೆಯ ಕುಲುಮೆಯಲ್ಲಿ. ಮೀಸೆ ಚಿಗುರುವಾಗ ಸೇರಿದವರು ತಲೆ ಬೆಳ್ಳಗಾಗುವವರೆಗೆ ಕೆಂಪಗೆ ಕಾದ ಕಬ್ಬಿಣದ ಎದುರು ನಿಂತೇ ಇದ್ದರು. ಕೊನೆಗೊಂದು ದಿನ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದು ಕೂತರು ನೋಡಿ, ಮಾತೇ ನಿಂತುಹೋಯಿತು. ಜಗಲಿಯ ಮೇಲೆ ಕೂತು ರಸ್ತೆ ನೋಡುವುದು, ಕರೆದರೆ ಒಳಗೆ ಬಂದು ಉಣ್ಣುವುದು, ಮತ್ತೆ ರಸ್ತೆ. ಕಾಫಿ ಬೇಕೇ ಎಂದರೂ ತಲೆಯಾಡಿಸುವುದೇ. ಶಿವಮೊಗ್ಗದ ವಿದ್ಯಾನಗರದಲ್ಲಿರುವ ನನಗೆ ಚಿಕ್ಕಮ್ಮನ ಫೋನು ಬರುತ್ತಿತ್ತು.

"ನಿಮ್ಮ ಚಿಕ್ಕಪ್ಪ ಇವತ್ತೂ ಬಾಯಿ ಬಿಟ್ಟಿಲ್ಲ ಕಣೇ. ಜಗಳನಾದ್ರೂ ಆಡ್ಲಿ ಅಂತ ಸಾರಿಗೆ ಬೇಕಂತ್ಲೇ ಉಪ್ಪು ಹಾಕ್ಲಿಲ್ಲ. ಅದನ್ನೂ ಸುಮ್ನೆ ಉಂಡು ಎದ್ದೋದ್ರು ಮಾರಾಯ್ತಿ!" ಎಂದು ಅತ್ತೇಬಿಟ್ಟರು ಒಂದು ದಿನ. ಉಪ್ಪಿಲ್ಲದ ಸಾರಿಗೂ ಬೈಯದ ಗಂಡನನ್ನು ಕಟ್ಟಿಕೊಂಡು ಯಾವ ಹೆಂಗಸು ತಾನೆ ನೆಮ್ಮದಿಯಾಗಿರುತ್ತಾಳೆ?

ಆಗ ಊರಿಗೆಲ್ಲ ವಾಸ್ತುವಿನ ಹುಚ್ಚು. ಬಾಗಿಲಿದ್ದಲ್ಲಿ ಗೋಡೆ ಎಬ್ಬಿಸುವವರೇನು, ಗೋಡೆ ಇದ್ದಲ್ಲಿ ಬಾಗಿಲು ಒಡೆಯುವವರೇನು! ಈಶಾನ್ಯ ಮೂಲೆಯಲ್ಲಿ ಮೀನಿನ ತೊಟ್ಟಿ ಇಟ್ಟರೆ ಮನೆಯೊಳಗೆ ಮಾತುಕತೆ ಹೆಚ್ಚುತ್ತದೆ ಎಂದು ಯಾರೋ ಚಿಕ್ಕಮ್ಮನ ಕಿವಿಗೆ ಹಾಕಿದರು. ತೊಟ್ಟಿ ಬಂತು. ಮೀನು ತರಲು ಚಿಕ್ಕಪ್ಪನನ್ನು ಶಿವಮೊಗ್ಗಕ್ಕೆ ಅಟ್ಟಿದ್ದೂ ಆಯಿತು.

ಅವರು ಮೀನೇನೋ ತಂದರು. ಪುಟಾಣಿ ಚಿನ್ನದ ಮೀನುಗಳು, ನೋಡಲು ಮುದ್ದಾಗಿದ್ದವು. ಆದರೆ ಜೊತೆಗೆ ಇನ್ನೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಸುಣ್ಣ ಬಳಿದ ಹಲ್ಲಿಯಂಥ ಎರಡು ಜೀವ! ನಾಲ್ಕು ಕಾಲು, ಎಳೆ ಮಗುವಿನ ಹಾಗೆ ಬೆರಳು, ಕತ್ತಿನ ಎರಡು ಪಕ್ಕಕ್ಕೂ ಗುಲಾಬಿ ಬಣ್ಣದ ಗರಿ. ಬಾಯಿ ಮಾತ್ರ ಸದಾ ನಗುತ್ತಿರುವ ಹಾಗೆ. ಆಕ್ಸೊಲಾಟಲ್ ಅಂತ ಹೆಸರಂತೆ, ಮೆಕ್ಸಿಕೋ ದೇಶದ ಕೆರೆಯದಂತೆ. ಅಲ್ಲಿಂದ ಶಿವಮೊಗ್ಗಕ್ಕೆ ಯಾವ ಬಸ್ಸು ಹತ್ತಿ ಬಂದವೋ ದೇವರೇ ಬಲ್ಲ.

"ಅಂಗಡಿ ಸಾಹೇಬ್ರು ಹೇಳಿದ್ರು, ಇದಕ್ಕೆ ಬಿಸಿ ಅಂದ್ರೆ ಆಗಲ್ವಂತೆ ಪುಟ್ಟಿ. ತಣ್ಣೀರಲ್ಲೇ ಇರ್ಬೇಕಂತೆ. ಅದಕ್ಕೇ ಯಾರೂ ತಗೊಳ್ತಿಲ್ವಂತೆ," ಎಂದು ಆಮೇಲೆ ಚಿಕ್ಕಪ್ಪ ನನಗೆ ಹೇಳಿದರು. "ಜೀವಮಾನ ಎಲ್ಲ ಬೆಂಕಿ ಮುಂದೆ ನಿಂತಿದ್ದೀನಿ. ನಂಗೆ ಬಿಸಿ ಆಗಲ್ಲ ಅಂತ ಧೈರ್ಯವಾಗಿ ಹೇಳೋ ಒಂದು ಪ್ರಾಣಿ ಇದೆ ಅಂತ ಗೊತ್ತಾಗಿ ಭಾರೀ ಖುಷಿ ಆಗ್ಬಿಡ್ತು!"

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಎದ್ದು ನೋಡುತ್ತಾರೆ, ತೊಟ್ಟಿಯಲ್ಲಿ ಒಂದೂ ಚಿನ್ನದ ಮೀನಿಲ್ಲ! ಇವೆರಡು ಮಾತ್ರ ಮದುವೆ ಊಟ ಮುಗಿಸಿದವರ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿವೆ, ನಗುತ್ತಾ.

"ಅಯ್ಯಯ್ಯೋ, ನನ್ನ ವಾಸ್ತು!" ಎಂದು ಚಿಕ್ಕಮ್ಮ ಬಾಯಿ ಬಡಿದುಕೊಂಡರು.

ಚಿಕ್ಕಪ್ಪ ಬಗ್ಗಿ ನೋಡಿದರು. ನೋಡಿ, ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ವಾಸ್ತು ಎಲ್ಲಿಗೂ ಹೋಗಿಲ್ಲ ಕಣೇ. ತೊಟ್ಟಿ ಒಳಗೇ ಇದೆ. ಸ್ವಲ್ಪ ಜಾಗ ಬದಲಾಯ್ಸಿದೆ ಅಷ್ಟೆ!"

ಚಿಕ್ಕಮ್ಮ ಆವತ್ತು ನನಗೆ ಫೋನು ಮಾಡಿ ಮೀನಿನ ವಿಷಯ ಎತ್ತಲೇ ಇಲ್ಲ. "ಮಾತಾಡಿದ್ರು ಕಣೇ! ನಕ್ರು ಕಣೇ!" ಎಂದಷ್ಟೇ ಹೇಳಿ ಫೋನು ಇಟ್ಟರು.

ಅಲ್ಲಿಂದ ಮುಂದೆ ಚಿಕ್ಕಪ್ಪನ ಮಾತು ನಿಲ್ಲಿಸುವುದೇ ಕಷ್ಟವಾಯಿತು ಅನ್ನಿ. ದೊಡ್ಡದಕ್ಕೆ ದೊಡ್ಡಣ್ಣ, ಸಣ್ಣದಕ್ಕೆ ಸಣ್ಣಣ್ಣ ಎಂದು ಹೆಸರಿಟ್ಟರು. ಹಾಲಿನವನು ಬಂದರೆ ದೊಡ್ಡಣ್ಣನ ವಿಚಾರ, ಪೇಪರಿನವನು ಬಂದರೆ ಸಣ್ಣಣ್ಣನ ವಿಚಾರ. ಒಮ್ಮೆ ದೊಡ್ಡಣ್ಣ ಎರೆಹುಳು ಎಂದುಕೊಂಡು ಸಣ್ಣಣ್ಣನ ಮುಂಗಾಲನ್ನೇ ಕಚ್ಚಿ ನುಂಗಿತು. ಚಿಕ್ಕಪ್ಪ ಊಟ ಬಿಟ್ಟರು. ಆಮೇಲೆ ನೋಡಿದರೆ ಆ ಜಾಗದಲ್ಲಿ ಮೊಳಕೆಯ ಹಾಗೆ ಏನೋ ಬಂತು, ಬೆಳೆಯಿತು, ಬೆರಳು ಸಮೇತ ಹೊಸ ಕಾಲಾಯಿತು! ಆ ಕಾಲನ್ನು ನೋಡಲು ಜನ್ನಾಪುರವೆಲ್ಲ ಬಂದು ಹೋಯಿತು. ಮಂಡಿನೋವಿನ ಎದುರುಮನೆ ಅಜ್ಜಿಯಂತೂ ತೊಟ್ಟಿಯ ನೀರನ್ನೇ ಒಂದು ಲೋಟ ಕೊಡಿ ಎಂದು ಕೂತುಬಿಟ್ಟಿದ್ದರು. ಅವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಸಂಜೆಯಾಗಿತ್ತು.

ತೊಂದರೆ ಶುರುವಾದದ್ದು ಬೇಸಿಗೆ ಬಂದ ಮೇಲೆ. ಭದ್ರಾವತಿಯ ಬಿಸಿಲು ನಿಮಗೆ ಗೊತ್ತಲ್ಲ? ಮನುಷ್ಯರೇ ಬಾಡಿಹೋಗುತ್ತಾರೆ, ಇನ್ನು ಮೆಕ್ಸಿಕೋದ ಈ ನಾಜೂಕಿನ ಜೀವಗಳ ಗತಿ? ಚಿಕ್ಕಪ್ಪ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ತೊಟ್ಟಿಯಲ್ಲಿ ತೇಲಿಬಿಟ್ಟರು. ಲೋಡ್ ಶೆಡ್ಡಿಂಗ್‌ನಿಂದ ಅವರ ಮನೆಯಲ್ಲಿ ಐಸ್ ಆಗದ ದಿನ ಶಿವಮೊಗ್ಗಕ್ಕೆ ಬಂದು ನನ್ನ ಫ್ರಿಜ್ಜಿಗೆ ಕೈಯಿಟ್ಟರು. ನಮ್ಮ ಮನೆಯಲ್ಲಿ ಆ ಬೇಸಿಗೆ ನೆಂಟರಿಗೊಂದು ಲೋಟ ತಣ್ಣನೆ ಪಾನಕ ಕೊಡಲು ಆಗಲಿಲ್ಲ, ಗೊತ್ತೇ?

ಒಂದು ದಿನ ಥರ್ಮಾಕೋಲ್ ಡಬ್ಬಿಯ ತುಂಬ ಐಸ್ ತುಂಬಿಕೊಂಡು ಅವರೂ ನಾನೂ ಭದ್ರಾವತಿಯ ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲ.

"ಏನ್ ಸಾರ್ ಡಬ್ಬೀಲಿ?" ಎಂದ ಕಂಡಕ್ಟರು.

"ತಣ್ಣಗಿರ್ಬೇಕು ಕಣಪ್ಪ. ಬೇಗ ತಲುಪಿಸ್ಬೇಕು. ಅಲ್ಲಿ ಎರಡು ಜೀವ ಕಾಯ್ತಾ ಇವೆ," ಎಂದರು ಚಿಕ್ಕಪ್ಪ, ಡಬ್ಬಿಯನ್ನು ಎದೆಗವಚಿಕೊಂಡು.

ಯಾರೋ "ಕಣ್ಣು ದಾನ ಇರ್ಬೇಕು" ಎಂದು ಪಿಸುಗುಟ್ಟಿದರು. ಮುಂದಿನ ಸೀಟಿನ ಹೆಂಗಸರು ಎದ್ದು ಡಬ್ಬಿಗೆ ಜಾಗ ಬಿಟ್ಟರು, ಕಿಟಕಿ ಪಕ್ಕವೇ! ಡ್ರೈವರು ನಡುವಿನ ಸ್ಟಾಪುಗಳಲ್ಲಿ ನಿಲ್ಲಿಸಿದರೆ ಕೇಳಿ! ಇಳಿಯುವಾಗ ಒಬ್ಬ ವೃದ್ಧರು ಟವೆಲು ತೆಗೆದು ಡಬ್ಬಿಗೆ ಕೈಮುಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಷ್ಟೂ ಜನಕ್ಕೆ ಸುಳ್ಳು ಹೇಳಿದ್ರಲ್ಲ ಚಿಕ್ಕಪ್ಪ!"

"ಯಾವ್ದು ಸುಳ್ಳು? ಎರಡು ಜೀವ ಕಾಯ್ತಾ ಇಲ್ವಾ?" ಎಂದು ಅವರು ನನ್ನನ್ನೇ ಗದರಿಸಿ ಮುಂದೆ ನಡೆದರು.

ಇನ್ನು ಫ್ರಿಜ್ಜಿನ ವಿಷಯ. ಅಣ್ಣತಮ್ಮಂದಿರ ಊಟ ಎರೆಹುಳು. ಚಿಕ್ಕಮ್ಮನ ಕನಕಾಂಬರದ ಪಾತಿಯೆಲ್ಲ ಅಗೆದು ಹಿಡಿದ ಹುಳುಗಳನ್ನು ಚಿಕ್ಕಪ್ಪ ಬಿಸಿಲಿಗೆ ಸಾಯಬಾರದೆಂದು ಒದ್ದೆ ಮಣ್ಣಿನ ಸಮೇತ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಯಾವ ಬಾಟಲಿ? ಉಪ್ಪಿನಕಾಯಿಯದು! ತರೀಕೆರೆಗೆ ಕೊಟ್ಟ ಮಗಳ ಅತ್ತೆ, ಅಂದರೆ ಬೀಗಿತ್ತಿ, ನೋಡಿಕೊಂಡು ಹೋಗಲು ಬಂದಿದ್ದರು. ಮೊಸರನ್ನಕ್ಕೆ ನೆಂಚಿಕೊಳ್ಳಲು ಏನಾದರೂ ಇದೆಯೇ ಎಂದು ಸಲುಗೆಯಿಂದ ತಾವೇ ಫ್ರಿಜ್ಜು ತೆಗೆದರು. ಬಾಟಲಿಗೆ ಚಮಚ ಹಾಕಿದರು. ಮಾವಿನಮಿಡಿ ಮಿಸುಕಾಡಿತು!

ಅವರ ಕಿರುಚಾಟ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಆಮೇಲೆ ಅವರೇ ಬಸ್‌ಸ್ಟ್ಯಾಂಡಿಗೆ ಹೋದರು, ಕೈಯನ್ನೂ ತೊಳೆಯದೆ.

ಚಿಕ್ಕಮ್ಮನಿಗೆ ಮಾನ ಹೋದಂತಾಯಿತು. ಮಗಳನ್ನು ಕೊಟ್ಟ ಮನೆ, ಹುಡುಗಾಟವೇ? "ಯುಗಾದಿ ಒಳಗೆ ಅವು ಈ ಮನೆ ಬಿಡ್ಬೇಕು. ಇಲ್ಲ ಅಂದ್ರೆ ನಾನು ಬಿಡ್ತೀನಿ!" ಎಂದುಬಿಟ್ಟರು. ಬೇರೆ ಯಾರಿಗೆ ಬೇಕು ಇವು? ಅಂಗಡಿಯವರು ಬೇಡವೆಂದರು. ಕೊನೆಗೆ ಶಿವಮೊಗ್ಗದ ಆಲ್ಕೊಳದ ಹತ್ತಿರ ಇರುವ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಒಪ್ಪಿದರು. "ಧಾರಾಳವಾಗಿ ಕೊಡಿ. ಹುಡುಗರಿಗೆ ಕೊಯ್ದು ತೋರಿಸೋಕೆ ಚೆನ್ನಾಗಿರ್ತವೆ. ಆಮೇಲೆ ಸೀಸೇಲಿ ಹಾಕಿಡ್ತೀವಿ," ಎಂದರು ಬಹಳ ಸಂತೋಷದಿಂದ.

ಚಿಕ್ಕಪ್ಪ ಒಪ್ಪಿದೆ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೋಗಿ ಜಗಲಿಯ ಮೇಲೆ ಕೂತು ರಸ್ತೆ ನೋಡತೊಡಗಿದರು. ಹಾಲಿನವನು ಬಂದ, ಪೇಪರಿನವನು ಬಂದ, ಇವರು ತುಟಿ ಬಿಚ್ಚಲಿಲ್ಲ. ಚಿಕ್ಕಮ್ಮ ಅದನ್ನೆಲ್ಲ ನೋಡುತ್ತಿದ್ದರು. ನೋಡಿದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಒಯ್ಯುವ ದಿನ ನಾನು ಬಕೆಟ್ಟು ಹಿಡಿದು ಹೋದೆ. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ತೊಟ್ಟಿಗೆ ಕೈ ಹಾಕಿದವರು ಹಾಗೇ ನಿಂತರು. ನೀರೊಳಗಿನ ಗಿಡದ ತುಂಬ ನೆನೆಸಿದ ಸಬ್ಬಕ್ಕಿಯಂಥ ಕಾಳುಗಳು. ನಡುವೆ ಚುಕ್ಕೆ. ಮೊಟ್ಟೆ! ಇಟ್ಟದ್ದು ಯಾರು ಅಂತೀರಿ? ಸಣ್ಣಣ್ಣ!

ಸದ್ದಿಲ್ಲದ್ದು ನೋಡಿ ಚಿಕ್ಕಮ್ಮ ಅಡುಗೆಮನೆಯಿಂದ ಬಂದರು. ಮೊಟ್ಟೆ ನೋಡಿದರು, ಸಣ್ಣಣ್ಣನನ್ನು ನೋಡಿದರು, ನನ್ನ ಕೈಯ ಬಕೆಟ್ಟು ನೋಡಿದರು.

"ಬುದ್ಧಿ ಇದ್ಯೇನೇ ನಿಂಗೆ? ಬಕೆಟ್ ಹಿಡ್ಕೊಂಡು ನಿಂತಿದ್ದಾಳೆ! ಬಾಣಂತಿನ ಯಾರಾದ್ರೂ ಮನೆಯಿಂದ ಹೊರಗೆ ಹಾಕ್ತಾರಾ?"

ಇದು ಯಾವ ನ್ಯಾಯ ಹೇಳಿ! ಆದರೆ ನನ್ನ ಮಾತು ಕೇಳುವವರು ಯಾರು? ತೊಟ್ಟಿಯ ಗಾಜಿಗೆ ಕಾಡಿಗೆಯ ದೃಷ್ಟಿಬೊಟ್ಟು ಬಿತ್ತು. ಕೋಣೆಗೆ ಲೋಬಾನದ ಹೊಗೆ ಬಂತು. "ಹೆತ್ತಮ್ಮನ ಹತ್ರ ಆ ಗಂಡು ಯಾಕೆ?" ಎಂದು ದೊಡ್ಡಣ್ಣನನ್ನು ಅದೇ ಬಕೆಟ್ಟಿಗೆ ಹಾಕಿಸಿ ಬಚ್ಚಲಿಗೆ ಕಳಿಸಿದರು. ಚಿಕ್ಕಪ್ಪ ಮೀಸೆಯಲ್ಲೇ ನಗುತ್ತಾ, ಬಾಣಂತಿಗೆ ಒಳ್ಳೆಯ ಹುಳು ತರಲು ಗುದ್ದಲಿ ಹಿಡಿದು ಹಿತ್ತಲಿಗೆ ಹೋದರು. ಅಷ್ಟು ಹೊತ್ತು ಅವರಿಲ್ಲದ್ದೇ ತಪ್ಪಾಯಿತು.

ಚಿಕ್ಕಮ್ಮನ ಕಣ್ಣು ನೀರಲ್ಲಿ ತೇಲುತ್ತಿದ್ದ ಐಸ್ ಬಾಟಲಿಯ ಮೇಲೆ ಬಿತ್ತು. "ಅಯ್ಯೋ ಪಾಪಿಗಳಾ, ಹಸಿ ಬಾಣಂತಿ ಇದು! ಐಸ್ ನೀರಲ್ಲಿಟ್ರೆ ಥಂಡಿ ಹಿಡಿಯಲ್ವಾ?" ಎಂದು ಬಾಟಲಿ ಎತ್ತಿ ಎಸೆದರು. ನಾನು "ಚಿಕ್ಕಮ್ಮ, ತಡೀರಿ, ಚಿಕ್ಕಪ್ಪ ಬರ್ಲಿ" ಎನ್ನುವಷ್ಟರಲ್ಲಿ ಒಲೆಯ ಮೇಲಿದ್ದ ಬಿಸಿನೀರನ್ನು ತಂದು ಚೊಂಬು ಚೊಂಬಾಗಿ ಹುಯ್ದೇಬಿಟ್ಟರು. ಎಷ್ಟು ಅಕ್ಕರೆಯಿಂದ ಹುಯ್ದರೆಂದರೆ, "ಹಾಯಾಗಿದ್ಯಾ ಮಗಾ?" ಎಂದು ಕೇಳುತ್ತಲೇ ಇದ್ದರು.

ಸಣ್ಣಣ್ಣ ಮಗುಚಿ ಮೇಲೆ ತೇಲಿತು. ಕತ್ತಿನ ಗರಿ ಮುದುರಿಹೋಗಿತ್ತು.

ಚಿಕ್ಕಪ್ಪ ಓಡಿಬಂದರು. ಎಸೆದ ಬಾಟಲಿ ಒಡೆದು ನೀರಾಗಿತ್ತು, ಮನೆಯಲ್ಲಿ ಬೇರೆ ಐಸಿಲ್ಲ, ಕರೆಂಟೂ ಇಲ್ಲ. ಅವರು ಮಡಕೆಯ ತಣ್ಣೀರು ತಂದು ತಂದು ಬೆರೆಸತೊಡಗಿದರು. ಚಿಕ್ಕಮ್ಮ ಚಪ್ಪಲಿಯೂ ಇಲ್ಲದೆ ಆ ಸುಡುಬಿಸಿಲಲ್ಲಿ ಬೀದಿಗೆ ಓಡಿದರು. ತಿರುಗಿ ಬಂದಾಗ ಒಬ್ಬರೇ ಬರಲಿಲ್ಲ, ಐಸ್ ಕ್ಯಾಂಡಿ ಮಾರುವವನನ್ನು ಗಾಡಿ ಸಮೇತ ಎಳೆದುಕೊಂಡು ಬಂದಿದ್ದರು! "ಅಕ್ಕಾ, ಆರೆಂಜಾ, ಮ್ಯಾಂಗೋನಾ?" ಎನ್ನುತ್ತಿದ್ದ ಅವನ ಡಬ್ಬಿಯ ತಳದಿಂದ ಮಂಜುಗಡ್ಡೆ ಬಾಚಿ ಸೆರಗಿನಲ್ಲೇ ತಂದು ಸುರಿದರು. ಚಿಕ್ಕಪ್ಪ ಅದನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಮೆಲ್ಲಗೆ ನೀರಿಗೆ ಇಳಿಸಿದರು.

ಇಷ್ಟೆಲ್ಲ ಮಾಡಿ ಚಿಕ್ಕಮ್ಮ ಗೋಡೆಗೊರಗಿ ಕುಸಿದರು. ಚಿಕ್ಕಪ್ಪ ತೊಟ್ಟಿಯ ಮುಂದೆ ಮಂಡಿಯೂರಿ ಕೂತಿದ್ದರು.

"ಬೈರೀ," ಎಂದರು ಚಿಕ್ಕಮ್ಮ. "ನಾನೇ ಕೊಂದೆ. ಬಾಯಿಗೆ ಬಂದಂಗೆ ಬೈರಿ. ಹಿಂಗೆ ಸುಮ್ನೆ ಮಾತ್ರ ಕೂರ್ಬೇಡಿ. ನೀವು ಸುಮ್ನಾದ್ರೆ ನಂಗೆ ಜೀವ ಹೋದಂಗಾಗ್ತದೆ."

ಚಿಕ್ಕಪ್ಪ ತಿರುಗಲಿಲ್ಲ. "ನಿನ್ನ ಬಾಣಂತನ ಮಾಡಿದ್ದು ಯಾರು?" ಎಂದರು.

ಚಿಕ್ಕಮ್ಮ ತಲೆಯೆತ್ತಿ ಅವರ ಬೆನ್ನನ್ನು ನೋಡಿದರು.

"ನಿಂಗೆ ತಾಯಿ ಇರ್ಲಿಲ್ಲ. ಈ ಪುಟ್ಟಿ ಅಮ್ಮನೂ ಅದೇ ತಿಂಗಳು ಇವಳನ್ನ ಹೆತ್ತು ಮಲಗಿದ್ರು. ನಾನೇ ರಜೆ ಹಾಕಿ ಮಾಡ್ದೆ. ಮೊದಲನೇ ದಿನ ಬೆನ್ನಿಗೆ ನೀರು ಹುಯ್ದೆನಲ್ಲ, ಕುಲುಮೆ ಮುಂದೆ ನಿಂತ ಕೈ ನಂದು, ಅದು ಬಿಸಿ ಅಂತಾನೇ ಗೊತ್ತಾಗ್ಲಿಲ್ಲ. ಬೆನ್ನೆಲ್ಲ ಬೊಬ್ಬೆ ಎದ್ದಿತ್ತು. ಕೇಳಿದೋರಿಗೆಲ್ಲ ನೀನೇನಂದೆ?"

"ಬೆವರುಗುಳ್ಳೆ ಅಂದೆ."

"ನಂಗೆ ಒಂದು ಮಾತು ಬೈದ್ಯಾ?"

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ ನಾನು ಹೆಂಗೆ ಬೈಲಿ ನಿಂಗೆ?"

ಚಿಕ್ಕಮ್ಮ ಎದ್ದು ಬಂದು ಅವರ ಪಕ್ಕದಲ್ಲಿ ಮಂಡಿಯೂರಿ ಕೂತರು. ಇಬ್ಬರೂ ನೀರನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ, ಸಣ್ಣಣ್ಣನ ಕತ್ತಿನ ಗರಿ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. "ಅಲ್ಲಾಡ್ತು ಕಣ್ರೀ!" ಎಂದು ಚಿಕ್ಕಮ್ಮ ಚಿಕ್ಕಪ್ಪನ ತೋಳು ಹಿಡಿದುಕೊಂಡರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅಳು ಒತ್ತರಿಸಿ ಬಂದು ಹೊರಗೆ ಹೋದೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಇಣುಕಿದಾಗಲೂ ಚಿಕ್ಕಮ್ಮ ಆ ತೋಳನ್ನು ಬಿಟ್ಟಿರಲಿಲ್ಲ.