ಒಂದು ತುತ್ತು, ಮೂರು ಹಲ್ಲು

ಮುದ್ದೆ ನುಂಗುವುದರಲ್ಲಿ ನನ್ನನ್ನು ಮೀರಿಸುವವರು ಮುಳಬಾಗಿಲು ತಾಲ್ಲೂಕಿನಲ್ಲಿ ಇಲ್ಲ. ಇದು ಜಂಬವಲ್ಲ, ಇದ್ದ ವಿಷಯ. ನಮ್ಮ ತಾತ ನುಂಗುತ್ತಿದ್ದರು, ನಮ್ಮಪ್ಪ ನುಂಗುತ್ತಿದ್ದರು, ನಾನೂ ನುಂಗುತ್ತೇನೆ. ನಮ್ಮ ವಂಶದಲ್ಲಿ ಮುದ್ದೆಗೆ ಹಲ್ಲು ತಾಗಿಸಿದ ಕಳಂಕ ಯಾರಿಗೂ ಅಂಟಿಲ್ಲ. ಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ನನಗೆ ಕೋಪ ಬರುವುದಿಲ್ಲ, ಕನಿಕರ ಬರುತ್ತದೆ. ಪಾಪ, ಅವರಿಗೆ ಹೇಳಿಕೊಡುವವರು ಇರಲಿಲ್ಲ ಅಂದುಕೊಳ್ಳುತ್ತೇನೆ.

ನನ್ನ ಇನ್ನೊಂದು ಹೆಮ್ಮೆ ಹಲ್ಲು. ಕೋಲಾರದ ಟೊಮೇಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಬಾಯೇ ನನ್ನ ಬಂಡವಾಳ. ಸೋಡಾ ಬಾಟಲಿ ಮುಚ್ಚಳ, ಕಬ್ಬಿನ ಗೆಣ್ಣು, ಕ್ರೇಟಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ, ಯಾವುದಕ್ಕೂ ನಾನು ಆಯುಧ ಹುಡುಕಿದವನಲ್ಲ.

ಹಾಗಾಗಿ ಮಗಳು ಪವಿತ್ರಳ ಮದುವೆಯ ಹಿಂದಿನ ದಿನ, ಛತ್ರದಲ್ಲಿ ಬಾಳೆಎಲೆ ಕಟ್ಟಿನ ಹಗ್ಗ ಬಿಚ್ಚಲಾಗದೆ ಅಡುಗೆಯವರು ಒದ್ದಾಡುತ್ತಿದ್ದಾಗ ನಾನೇ ಮುಂದೆ ಹೋದೆ.

"ರೀ, ಚಾಕು ತರ್ತೀನಿ ತಡೀರಿ," ಅಂದಳು ನನ್ನ ಹೆಂಡತಿ ರತ್ನಮ್ಮ.

"ಹಲ್ಲಿರೋವಾಗ ಚಾಕು ಯಾಕೆ ಕಣೇ?" ಅಂದೆ. ಕಚ್ಚಿದೆ. ಎಳೆದೆ.

ಹಗ್ಗ ಗಟ್ಟಿಯಾಗಿತ್ತು!

ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಮರುದಿನ ಧಾರೆಯಿಂದ ಹಿಡಿದು ಹೆಣ್ಣೊಪ್ಪಿಸುವ ತನಕ ನಾನು ಬಾಯಿ ಬಿಡಲಿಲ್ಲ. ಫೋಟೋದವನು "ಸಾರ್, ಸ್ವಲ್ಪ ನಗಿ" ಎಂದು ಬೇಡಿಕೊಂಡ. ನಾನು ತುಟಿಯನ್ನು ಇನ್ನಷ್ಟು ಬಿಗಿದೆ. ಆಲ್ಬಂ ಬಂದಾಗ ನೋಡಿದರೆ, ಪ್ರತಿ ಫೋಟೋದಲ್ಲೂ ನಾನು ಬಲವಂತಕ್ಕೆ ಸಾಕ್ಷಿ ಹೇಳಲು ಬಂದವನ ಹಾಗೆ ನಿಂತಿದ್ದೆ.

ಇದರಿಂದ ಒಂದು ಅನಾಹುತವಾಯಿತು. ಪವಿತ್ರ ಮತ್ತು ಅಳಿಯ ಬಸವರಾಜ ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ತಾವೇ ಮೆಚ್ಚಿಕೊಂಡವರು. ಅಳಿಯನ ಮನೆ ಧಾರವಾಡದಲ್ಲಿ. ನಾನಂತೂ ಸಂತೋಷವಾಗಿಯೇ ಒಪ್ಪಿದ್ದೆ. ಆದರೆ ಆಲ್ಬಂ ನೋಡಿದ ಬೀಗಿತ್ತಿ, ಪಾಪ, ಸೊಸೆಯನ್ನು ಪಕ್ಕಕ್ಕೆ ಕರೆದು "ನಿಮ್ಮಪ್ಪಗ ಈ ಮದುವಿ ಮನಸ್ಸಿಗೆ ಬಂದಿಲ್ಲೇನವಾ?" ಎಂದು ಕೇಳಿದರಂತೆ. ಮಗಳು ಫೋನಿನಲ್ಲಿ ಅತ್ತಳು.

"ಅಪ್ಪಾ, ಒಂದೇ ಒಂದು ಫೋಟೋ. ನೀನು, ನಾನು, ಇವರು. ನೀನು ಬಾಯ್ತುಂಬ ನಗ್ತಿರಬೇಕು. ಅದನ್ನ ಅತ್ತೆ ಮನೆ ಹಾಲ್‌ನಲ್ಲಿ ತೂಗುಹಾಕ್ತೀನಿ."

ಅವರೆಕಾಯಿ ಕಾಲಕ್ಕೆ ಇಬ್ಬರೂ ಬರುತ್ತಾರೆ, ಕುರುಡುಮಲೆ ಗಣಪತಿಯ ಮುಂದೆ ಫೋಟೋ ತೆಗೆಸುವುದು ಎಂದು ತೀರ್ಮಾನವಾಯಿತು. ಅಷ್ಟರೊಳಗೆ ನನಗೆ ಹಲ್ಲು ಬೇಕು!

ಕೋಲಾರದಲ್ಲಿ ಹಲ್ಲಿನ ಡಾಕ್ಟರು ಶಬಾನಾ. ನಮ್ಮ ಮಂಡಿಗೆ ಕ್ರೇಟು ಮಾರುವ ಸಾಹೇಬರ ಮಗಳು. ಮುರಿದ ಹಲ್ಲಿನ ಬೇರೂ ಸೀಳಿದೆ ಎಂದು ಕಿತ್ತು, ಗಾಯ ಮಾಯಲು ಬಿಟ್ಟು, ಆಮೇಲೆ ಕೂರಿಸಿಕೊಂಡು ವಿವರಿಸಿದರು.

"ಅಂಕಲ್, ಬ್ರಿಡ್ಜ್ ಹಾಕೋಣ. ಸಂದಿಯ ಆಚೆ ಒಂದು, ಈಚೆ ಒಂದು ಹಲ್ಲಿದೆಯಲ್ಲ, ಎರಡನ್ನೂ ಸುತ್ತ ತೇಯ್ದು ಸಣ್ಣ ಮಾಡ್ತೀನಿ. ಅವೆರಡಕ್ಕೂ ಕ್ಯಾಪ್. ಮಧ್ಯದ ಹಲ್ಲು ಆ ಕ್ಯಾಪುಗಳಿಗೆ ಅಂಟ್ಕೊಂಡಿರುತ್ತೆ. ಮೂರೂ ಸೇರಿ ಒಂದೇ ತುಂಡು."

ನಾನು ಕುರ್ಚಿಯಿಂದ ಅರ್ಧ ಎದ್ದೆ. "ಹೋಗಿರೋದು ಒಂದು. ಅದಕ್ಕೆ ಚೆನ್ನಾಗಿರೋ ಎರಡನ್ನ ತೇಯೋದಾ? ಇದ್ಯಾವ ನ್ಯಾಯ ಡಾಕ್ಟ್ರೇ?"

"ಭಾರ ಹೊರೋಕೆ ಗಟ್ಟಿ ಇರೋರೇ ಬೇಕಲ್ಲ ಅಂಕಲ್."

ಮನೆಯಲ್ಲಿ ಒಬ್ಬ ಸೋಮಾರಿ ತಮ್ಮನಿದ್ದರೆ ಆಚೀಚೆಯ ಇಬ್ಬರು ಅಣ್ಣಂದಿರು ಸವೆಯುವುದನ್ನು ನಾನೇ ನೋಡಿದ್ದೇನೆ. ಒಪ್ಪಿಕೊಂಡೆ. ತೇಯ್ದರು. ಅಚ್ಚು ತೆಗೆಯಲು ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ತುಂಬಿದರು. ಅದು ಮುದ್ದೆಯಷ್ಟೇ ಮೆತ್ತಗಿತ್ತು. ಅಭ್ಯಾಸ ಬಲದಿಂದ ನುಂಗಲು ಹೋದೆ.

"ಅಂಕಲ್! ನುಂಗಬೇಡಿ!" ಎಂದು ಡಾಕ್ಟರು ಕಿರುಚಿದರು.

ಈಗ ಯೋಚಿಸಿದರೆ, ದೇವರು ಅಂದೇ ಒಂದು ಎಚ್ಚರಿಕೆ ಕೊಟ್ಟಿದ್ದ.

ಹಲ್ಲಿನ ಬಣ್ಣ ಆರಿಸುವಾಗ ಡಾಕ್ಟರು ಮಾದರಿ ಹಲ್ಲುಗಳ ಸಾಲನ್ನು ನನ್ನ ತುಟಿಯ ಹತ್ತಿರ ಹಿಡಿದು, ಸ್ವಲ್ಪ ಹಳದಿ ಬೆರೆತದ್ದನ್ನು ತೋರಿಸಿದರು. ಪಕ್ಕದ ಹಲ್ಲುಗಳಿಗೆ ಅದೇ ಹೊಂದುತ್ತದೆಯಂತೆ. ನಾನು ಸಾಲಿನ ತುದಿಯಲ್ಲಿದ್ದ ಅಪ್ಪಟ ಬಿಳಿಯ ಮೇಲೆ ಬೆರಳಿಟ್ಟೆ.

"ಡಾಕ್ಟ್ರೇ, ಕ್ರೇಟಲ್ಲಿ ಒಳ್ಳೇ ಹಣ್ಣು ಮೇಲ್ಗಡೆ ಇಡೋದು ನಮ್ಮ ಮಂಡಿ ಪದ್ಧತಿ. ಇದೇ ಇರಲಿ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ!"

ಹರಾಜು ಮುಗಿಯಿತು. ಡಾಕ್ಟರು ಸೋತರು.

ಬ್ರಿಡ್ಜ್ ತಯಾರಾಗಿ ಬಂದಾಗ ನೀಲಿ ಕಾಗದ ಕಚ್ಚಿಸಿ, ಎಲ್ಲಿ ಎತ್ತರವಿದೆ ಎಂದು ಗುರುತು ನೋಡಿ, ಅಷ್ಟಷ್ಟೇ ಉಜ್ಜಿ, ಮತ್ತೆ ಕಚ್ಚಿಸಿದರು. ಎಲ್ಲ ಸರಿಹೋಯಿತು. ಆದರೆ ವಸಡು ಇನ್ನೂ ಕೆಂಪಗಿದೆ, ಅದು ಇಳಿದ ಮೇಲೆ ಖಾಯಂ ಸಿಮೆಂಟ್ ಹಾಕೋಣ, ಅಲ್ಲೀತನಕ ಇದು ತಮ್ಮ ಹತ್ತಿರವೇ ಇರಲಿ ಅಂದರು.

"ಭಾನುವಾರ ಮಗಳು ಅಳಿಯ ಬರ್ತಾರೆ! ಮಾನದ ಪ್ರಶ್ನೆ ಡಾಕ್ಟ್ರೇ!"

ಅವರು ನಿಟ್ಟುಸಿರು ಬಿಟ್ಟರು. "ಸರಿ, ತಾತ್ಕಾಲಿಕ ಸಿಮೆಂಟಲ್ಲಿ ಕೂರಿಸ್ತೀನಿ. ಇದು ಬಲವಾಗಿ ಹಿಡಿಯಲ್ಲ, ಬಿಚ್ಚೋಕೆ ಬರಲಿ ಅಂತಾನೇ ಹಾಗೆ ಮಾಡಿರ್ತಾರೆ. ಮುಂದಿನ ಹಲ್ಲಲ್ಲಿ ಏನೂ ಕಚ್ಚಬೇಡಿ. ಅಗಿಯೋದೇನೂ ಬೇಡ. ಮೆತ್ತಗಿರೋದನ್ನ ತಿನ್ನಿ, ಅಷ್ಟೇ."

ಬಸ್ಸಿನಲ್ಲಿ ಮುಳಬಾಗಿಲಿಗೆ ಬರುತ್ತ ನಾನು ಈ ಆಜ್ಞೆಯನ್ನು ಕಾನೂನಿನ ದೃಷ್ಟಿಯಿಂದ ಪರಿಶೀಲಿಸಿದೆ. ಮುದ್ದೆಯನ್ನು ಕಚ್ಚುತ್ತೇವೆಯೇ? ಇಲ್ಲ. ಅಗಿಯುತ್ತೇವೆಯೇ? ಛೆ, ಛೆ! ಮೆತ್ತಗಿದೆಯೇ? ಬೆಣ್ಣೆಯ ಹಾಗೆ. ಹಾಗಾದರೆ ಡಾಕ್ಟರು ಹೆಸರು ಹೇಳದೆ ಬರೆದುಕೊಟ್ಟ ಪಥ್ಯವೇ ಮುದ್ದೆ! ನಮ್ಮ ಹಿರಿಯರ ಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಬಂದು ರತ್ನಮ್ಮನಿಗೆ ನಕ್ಕು ತೋರಿಸಿದೆ. ಅವಳು ದೀಪ ಹಾಕಿ ನೋಡಿದಳು.

"ಹಳೇ ಗೋಡೆಗೆ ಮಧ್ಯದಲ್ಲಿ ಮಾತ್ರ ಸುಣ್ಣ ಹೊಡೆದಂಗಿದೆ."

ಹೊಟ್ಟೆಕಿಚ್ಚು ಎಂದು ಸುಮ್ಮನಾದೆ.

ಭಾನುವಾರ ಬಂತು. ಸಂಜೆ ದೇವಸ್ಥಾನಕ್ಕೆ ಹೋಗುವುದಿದ್ದರಿಂದ ಕೋಳಿ ಇಲ್ಲ. ಹಿತಕಿದ ಅವರೆಬೇಳೆ ಸಾರು, ಬಿಸಿಬಿಸಿ ಮುದ್ದೆ. ಅಳಿಯ ಬಸವರಾಜ ತುಂಬ ಒಳ್ಳೆಯವನು, ಆದರೆ ರೊಟ್ಟಿ ಸೀಮೆಯವನು. ಹಿಂದಿನ ಸಲ ನಮ್ಮನೆಯಲ್ಲಿ ಉಣ್ಣುವಾಗ ಮೊದಲ ತುತ್ತನ್ನು ಅಗಿಯಲು ಶುರುಮಾಡಿ, ನಾವೆಲ್ಲ ಕೈತೊಳೆದು ಬಂದರೂ ಅದನ್ನೇ ಅಗಿಯುತ್ತ ಕೂತಿದ್ದ. ಈ ಸಲ ಅವನನ್ನು ಉದ್ಧಾರ ಮಾಡದೆ ಬಿಡಬಾರದೆಂದು ನಿಶ್ಚಯಿಸಿದ್ದೆ.

"ಅಳಿಯಂದ್ರೇ, ಇಲ್ನೋಡಿ. ಮೊದ್ಲು ಮುರಿಯೋದು. ಬೆರಳಲ್ಲಿ ಉಂಡೆ ಮಾಡೋದು. ಸಾರಲ್ಲಿ ಹೊರಳಿಸೋದು. ಆಮೇಲೆ ಗುಳುಂ!"

"ಅಗೀಬಾರದೇನ್ರಿ ಮಾವಾರ?"

"ಅಯ್ಯೋ! ಅಗಿದ್ರೆ ಮುದ್ದೆಗೆ ಅವಮಾನ!"

ಸಣ್ಣ ತುತ್ತು ತೋರಿಸಿದರೆ ಕಲಿಯುವವರಿಗೆ ಧೈರ್ಯ ಬರುವುದಿಲ್ಲ. ನಿಂಬೆಹಣ್ಣಿನ ಗಾತ್ರದ್ದನ್ನೇ ಮಾಡಿದೆ. ಪವಿತ್ರ ಫೋನ್ ಹಿಡಿದು ವಿಡಿಯೋ ಮಾಡತೊಡಗಿದಳು. ತುತ್ತು ದೊಡ್ಡದಾಗಿ ಮುಂದಿನ ಹಲ್ಲಿಗೆ ಒಂದಿಷ್ಟು ಅಂಟಿತು. ನಾಲಿಗೆಯಲ್ಲಿ ಎಳೆದುಕೊಂಡೆ. ಗುಳುಂ! ಗಂಟಲಲ್ಲಿ ಏನೋ ಸ್ವಲ್ಪ ಗಟ್ಟಿ ತಾಗಿದಂತಾಯಿತು. ಬೇಯದ ಅವರೆಕಾಳಿರಬೇಕು, ರತ್ನಮ್ಮನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಎದೆಯುಬ್ಬಿಸಿ ಅಳಿಯನ ಕಡೆ ತಿರುಗಿದೆ.

"ನೋಡಿದ್ರಾ? ಹಲ್ಲಿಗೆ ಕೆಲಸವೇ ಇಲ್ಲ!" ಎಂದು ಬಾಯಿ ಅಗಲಿಸಿ ತೋರಿಸಿದೆ.

ಪವಿತ್ರ ಫೋನ್ ಕೆಳಗಿಳಿಸಿದಳು. "ಅಪ್ಪಾ! ಹಲ್ಲೆಲ್ಲಿ?"

ನಾಲಿಗೆಯಿಂದ ತಡವಿದೆ. ಬಾಗಿಲು ತೆಗೆದಿತ್ತು. ಆಚೀಚೆ ತೇಯ್ದ ಎರಡು ಮೊಂಡು ಗೂಟಗಳು ಮಾತ್ರ ಸಿಕ್ಕವು.

ತಟ್ಟೆ ಹುಡುಕಿದೆವು. ಚಾಪೆ ಕೊಡವಿದೆವು. "ಅಯ್ಯೋ ದೇವುಡಾ!" ಎನ್ನುತ್ತ ರತ್ನಮ್ಮ ಸಾರಿನ ಪಾತ್ರೆಯನ್ನೇ ಜರಡಿಗೆ ಸುರಿದಳು. ಬೇಳೆ ಸಿಕ್ಕಿತು. ಬಸವರಾಜ ಮಾತ್ರ ಪವಿತ್ರಳ ಫೋನಿನಲ್ಲಿ ಆ ವಿಡಿಯೋವನ್ನು ಹಿಂದೆಮುಂದೆ ಮಾಡಿ ನೋಡಿ, ಬಹಳ ವಿನಯದಿಂದ ತೀರ್ಪು ಕೊಟ್ಟ.

"ಮಾವಾರು ನುಂಗ್ಯಾರ್ರೀ."

ಡಾಕ್ಟರಿಗೆ ಫೋನ್ ಮಾಡಿದರೆ ಅವರು ನಗಲಿಲ್ಲ. ಕೆಮ್ಮು ಇದೆಯಾ, ಉಸಿರಾಡಲು ಕಷ್ಟವಾ, ಎದೆಯಲ್ಲಿ ನೋವಾ ಎಂದು ಗಂಭೀರವಾಗಿ ಕೇಳಿದರು. ಉಸಿರಿನ ದಾರಿಗೆ ಹೋಗಿದ್ದರೆ ಅಪಾಯವಂತೆ. ಆಗ ನಿಜವಾಗಿ ಹೆದರಿದೆ. ಬಸವರಾಜ ಅರ್ಧ ಊಟದಲ್ಲೇ ಎದ್ದು ಕಾರು ತೆಗೆದ. ರತ್ನಮ್ಮನೂ ಹತ್ತಿದಳು. ಕೋಲಾರದ ತನಕ ಪವಿತ್ರ ನನ್ನ ಕೈ ಬಿಡಲಿಲ್ಲ. ಮದುವೆಯಲ್ಲಿ ಅವಳನ್ನು ಕಳಿಸಿಕೊಡುವಾಗಲೂ ನನ್ನ ಕಣ್ಣು ಇಷ್ಟು ಒದ್ದೆಯಾಗಿರಲಿಲ್ಲ.

ಎಕ್ಸ್‌ರೇ ಬಂತು. ಡಾಕ್ಟರು ಬೆಳಕಿಗೆ ಹಿಡಿದರು. ನನ್ನ ಹೊಟ್ಟೆಯೊಳಗೆ ಮೂರು ಹಲ್ಲು ಸಾಲಾಗಿ, ಅಚ್ಚುಕಟ್ಟಾಗಿ ಕೂತಿದ್ದವು. ಹೊರಗೆ ನಗಬೇಕಾಗಿದ್ದವು ಒಳಗೆ ನಗುತ್ತಿದ್ದವು!

"ದೇವರು ದೊಡ್ಡವನು, ಸರಿಯಾದ ದಾರಿಗೇ ಹೋಗಿದೆ. ತಾನೇ ಬರುತ್ತೆ. ನೋಡ್ತಾ ಇರಿ. ಹೊಟ್ಟೆನೋವು ಬಂದ್ರೆ ತಕ್ಷಣ ಬನ್ನಿ," ಅಂದರು ಡಾಕ್ಟರು. ಆಮೇಲೆ ಕನ್ನಡಕ ತೆಗೆದು ಕೇಳಿದರು. "ಏನು ತಿಂದ್ರಿ? ಅಗಿಯೋದು ಬೇಡ ಅಂದಿದ್ನಲ್ಲ?"

"ಅಗಿಯಲಿಲ್ಲ ಡಾಕ್ಟ್ರೇ! ಮುದ್ದೆ!"

ಅವರು ನನ್ನನ್ನು ನೋಡಿದರು. ಎಕ್ಸ್‌ರೇ ನೋಡಿದರು. ಮಾಸ್ಕಿನೊಳಗಿಂದ ನಗು ಒಡೆಯಿತು. ಕಣ್ಣೊರೆಸಿಕೊಂಡು ಅಂದರು, "ಅಂಟೋದೂ ಬೇಡ ಅಂತ ಹೇಳಬೇಕಿತ್ತು. ತಪ್ಪು ನಂದೂ ಇದೆ ಅಂಕಲ್. ನಾನೂ ಈ ಊರಲ್ಲೇ ಹುಟ್ಟಿದವಳು, ಮುದ್ದೆ ಅಂತ ಹೆಸರು ಹಿಡಿದೇ ಹೇಳಬೇಕಿತ್ತು."

"ಈಗ ಏನು ತಿನ್ಲಿ?"

"ಈಗ ಮುದ್ದೆನೇ ತಿನ್ನಿ. ಬೇಗ ಕೆಳಗೆ ತಳ್ಳುತ್ತೆ!"

ಹಿಂತಿರುಗುವಾಗ ನಾನು ನೇರ ಮನೆಗೆ ಹೋಗೋಣ ಅಂದೆ. ಪವಿತ್ರ ಕೇಳಲಿಲ್ಲ. ಕಾರು ಕುರುಡುಮಲೆಗೇ ತಿರುಗಿತು. ಆಳೆತ್ತರವನ್ನೂ ಮೀರಿ ಕೂತ ಗಣಪತಿಯ ಮುಂದೆ ಕೈಮುಗಿದಾಗ, ರತ್ನಮ್ಮ ನನ್ನ ಕಿವಿಯಲ್ಲಿ ಮೆಲ್ಲಗೆ ಅಂದಳು. "ಅವನೂ ಹಲ್ಲು ಮುರ್ಕೊಂಡವನೇ. ಆದ್ರೆ ಅವನು ಬರೆಯೋಕೆ ಮುರ್ಕೊಂಡ. ನೀವು ಹಗ್ಗಕ್ಕೆ!"

ದರ್ಶನ ಮುಗಿಸಿ ಹೊರಗೆ ಬಂದು ಗೋಪುರದ ಮುಂದೆ ನಿಂತೆವು. ರತ್ನಮ್ಮ ಫೋನ್ ಹಿಡಿದಳು. ನಾನು ತುಟಿ ಬಿಗಿದೆ. ಮದುವೆ ಆಲ್ಬಮ್ಮಿನ ಅದೇ ಮುಖ!

"ಅಪ್ಪಾ, ನಗು," ಅಂದಳು ಮಗಳು.

"ಹೆಂಗಮ್ಮಾ ನಗ್ಲಿ? ಬೀಗರು ಏನಂದ್ಕೊಳ್ತಾರೆ?"

"ಹಲ್ಲಿಲ್ಲ ಅಂದ್ಕೊಳ್ತಾರೆ. ಈಗ ನಿನಗೆ ಇವರನ್ನ ಕಂಡ್ರೆ ಆಗಲ್ಲ ಅಂತ ಅಂದ್ಕೊಂಡಿದಾರೆ. ಯಾವುದು ವಾಸಿ ನೀನೇ ಹೇಳು." ಅವಳ ದನಿ ಒಡೆಯಿತು.

ಅವಳು ಹೇಳಿದ್ದು ಸರಿಯೇ. ಆದರೂ ತುಟಿ ಬಿಚ್ಚಲಿಲ್ಲ. ಜಂಬ ಎಂಬುದು ಯಾವ ಡಾಕ್ಟರ ಸಿಮೆಂಟಿಗಿಂತಲೂ ಗಟ್ಟಿ ನೋಡಿ.

ಆಗ ಅಳಿಯ ನನ್ನ ಹೆಗಲಿನ ಮೇಲೆ ಕೈಯಿಟ್ಟು, ಕ್ಯಾಮೆರಾ ನೋಡುತ್ತಲೇ ಅಂದ. "ಮಾವಾರ, ಹಲ್ಲಿಗೆ ಕೆಲಸಾನ ಇಲ್ಲಂದ್ರಲ್ರೀ!"

ತಡೆಯಲಾಗಲಿಲ್ಲ. ಹೊಟ್ಟೆಯಿಂದ, ಬಹುಶಃ ಆ ಮೂರು ಹಲ್ಲುಗಳನ್ನೂ ಸೇರಿಸಿಕೊಂಡೇ, ನಗು ಎದ್ದು ಬಂತು. ಬಾಯಿ ಎಷ್ಟು ಅಗಲವಾಯಿತೆಂದರೆ ರತ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದಳು.

ಆ ಫೋಟೋ ಈಗ ಧಾರವಾಡದ ಮನೆಯ ಹಾಲ್‌ನಲ್ಲಿ ಗಾಜು ಹಾಕಿಸಿಕೊಂಡು ತೂಗುತ್ತಿದೆ. ಬೀಗಿತ್ತಿ ತಾವೇ ಫೋನ್ ಮಾಡಿ, "ಬೀಗರ, ಎಷ್ಟ್ ಛಂದ ನಕ್ಕೀರಿ!" ಅಂದರು. ಆ ಹಲ್ಲುಗಳು ತಮ್ಮ ಪ್ರವಾಸ ಮುಗಿಸಿ, ಯಾವ ತೊಂದರೆಯನ್ನೂ ಕೊಡದೆ ಹೊರಬಂದವು. ಹೆಚ್ಚಿನ ವಿವರ ಸಭ್ಯರಿಗೆ ಬೇಡ. ಡಾಕ್ಟರು ಚೆನ್ನಾಗಿ ಶುದ್ಧಮಾಡಿ ಮತ್ತೆ ಕೂರಿಸಬಹುದು ಅಂದರು. ರತ್ನಮ್ಮ, ಕೂರಿಸಿದರೆ ತಾನು ತವರಿಗೆ ಹೋಗುವುದಾಗಿ ಹೇಳಿದಳು. ಹೊಸದು ಮಾಡಿಸಿದೆ. ಈ ಸಲ ಹಳದಿ ಬೆರೆತದ್ದು, ಖಾಯಂ ಸಿಮೆಂಟ್.

ಒಂದು ಮಾತು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ. ಒಂದೇ ತುತ್ತಿನಲ್ಲಿ ಮುದ್ದೆಯ ಜೊತೆ ಮೂರು ಹಲ್ಲನ್ನೂ ನುಂಗಿ, ನುಂಗಿದ್ದು ತನಗೇ ಗೊತ್ತಾಗದಷ್ಟು ನಯವಾಗಿ ನುಂಗಿದವನು ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ!

ಮೊನ್ನೆ ಮಗಳು ಅಳಿಯ ಮತ್ತೆ ಬಂದಿದ್ದರು. ಬಸವರಾಜ ಮುದ್ದೆ ಮುರಿದು, ಉರುಳಿಸಿ, ಸಾರಲ್ಲಿ ಹೊರಳಿಸಿ, ಗುಳುಂ ಅನ್ನಿಸಿದ. ಒಂದಾದ ಮೇಲೊಂದು. ನನಗಿಂತ ಚೆನ್ನಾಗಿ! ನನ್ನ ಎದೆ ತುಂಬಿ ಬಂತು. ಶಹಭಾಸ್ ಅನ್ನಬೇಕೆಂದುಕೊಂಡೆ, ಆಗಲಿಲ್ಲ. ರತ್ನಮ್ಮ ಸೌಟು ಹಿಡಿದು ಎದುರಿಗೇ ಕೂತು "ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ" ಅನ್ನುತ್ತಿದ್ದಳು. ನಾನು ಕಡಲೆಕಾಳಿನಷ್ಟು ಮುದ್ದೆಯನ್ನು ಬಾಯಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ಅಗಿಯುತ್ತಿದ್ದೆ.