ಹನ್ನೊಂದು ಕಂಪ್ಯೂಟರಿಗೆ ಕನ್ನಡ ದೀಕ್ಷೆ

ಜಯನಗರದ ಕಿಟಕಿ ಪರದೆ ಕಂಪನಿಯೊಂದರಲ್ಲಿ ನಾನು ಆಫೀಸ್ ಮ್ಯಾನೇಜರ್. ಜೊತೆಗೆ ಅಲ್ಲಿನ ಕನ್ನಡ ಸಂಘದ ಅಧ್ಯಕ್ಷ. ಸಂಘ ಹುಟ್ಟುಹಾಕಿದವನೂ ನಾನೇ, ಅಧ್ಯಕ್ಷನನ್ನು ಆರಿಸಿದವನೂ ನಾನೇ. ಶುಕ್ರವಾರ ಇಂಗ್ಲಿಷಿನ ಮೊರೆ ಹೋದವರು ಆಫೀಸಿಗೆಲ್ಲ ಖಾರಾ ಬನ್ ತರಬೇಕು ಎಂಬ ಕಾನೂನು ಮಾಡಿದವನೂ ನಾನೇ! ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ನಮ್ಮ ಬಂಗಾಳಿ ಡಿಸೈನರ್ ದೇಬಾಶಿಷ್ ಆರು ತಿಂಗಳು ತಪ್ಪದೆ ಬೇಕರಿಗೆ ನಡೆದ. ಊಟದ ಬಿಡುವಿನಲ್ಲಿ ಅವನಿಗೆ ಅ ಆ ಇ ಈ ತಿದ್ದಿಸಿದೆ. ಪಾಪ, ತಿದ್ದಿದ.

ಕಳೆದ ಗುರುವಾರ ಕಂಪ್ಯೂಟರುಗಳಿಗೆಲ್ಲ ಹೊಸ ಆಫೀಸ್ ಸಾಫ್ಟ್‌ವೇರ್ ಹಾಕಬೇಕಿತ್ತು. ಎಂಜಿನಿಯರನ್ನು ಕರೆಸೋಣ ಎಂದರು ಬಾಸ್.

"ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತೋಕೆ ಎಂಜಿನಿಯರ್ ಯಾಕೆ ಸಾರ್? ನಾನಿಲ್ವಾ?"

ಇದ್ದೆ. ತೊಂದರೆಯಾದದ್ದೇ ಅದರಿಂದ.

ಯಾವ ಭಾಷೆ ಬೇಕೆಂದು ಸಾಫ್ಟ್‌ವೇರ್ ಕೇಳಿತು. ಎದೆಯುಬ್ಬಿಸಿ ಕನ್ನಡ ಎಂದು ಒತ್ತಿದೆ. ಒಂದಕ್ಕಲ್ಲ, ಹನ್ನೊಂದಕ್ಕೂ! ಪ್ರತಿಯೊಂದರ ನೆತ್ತಿಗೂ ಕುಂಕುಮ ಇಟ್ಟು ಮನೆಗೆ ಹೋದೆ.

ಮರುದಿನ ರಿಸೆಪ್ಷನಿನ ಶೋಭಾಗೆ ಅನುಭವ ಪತ್ರ ಬೇಕಿತ್ತು. ಐದು ಗಂಟೆಯೊಳಗೆ ಹನುಮಂತನಗರದ ಕಾಲೇಜಿಗೆ ಅದನ್ನು ತಲುಪಿಸಿದರೆ ಮಾತ್ರ ಅವಳ ಹೊಸ ಕೆಲಸ ಗಟ್ಟಿ. ಸಹಿ ಮಾಡಬೇಕಾದ ಬಾಸ್ ಮೂರೂವರೆಗೆ ಏರ್‌ಪೋರ್ಟಿಗೆ ಹೊರಡುವವರು. ಪತ್ರ ತಯಾರಿತ್ತು, ಪ್ರಿಂಟ್ ತೆಗೆಯುವುದಷ್ಟೇ ಬಾಕಿ.

"ಸಾರ್, ಪ್ರಿಂಟ್ ಎಲ್ಲಿದೆ? ಎಲ್ಲಾ ಬದಲಾಗೋಗಿದೆ," ಎಂದಳು.

"ಕನ್ನಡ ಓದೋಕೆ ಬರಲ್ವೇನಮ್ಮ?" ಎಂದು ಹಂಗಿಸಿ ಅವಳ ಕುರ್ಚಿಯಲ್ಲಿ ಕೂತೆ.

ಪರದೆಯ ಮೇಲ್ತುದಿಯಲ್ಲಿ ಸಾಲಾಗಿ ಕಡತ, ಸೇರಿಸು, ವಿನ್ಯಾಸ, ಉಲ್ಲೇಖಗಳು. ರಾಜ್ಯೋತ್ಸವದ ಭಾಷಣದಲ್ಲಿ ಇಂಥ ಪದಗಳನ್ನು ನಾನು ನೀರು ಕುಡಿದಷ್ಟು ಸಲೀಸಾಗಿ ಬಳಸುತ್ತೇನೆ. ಇಲ್ಲಿ ಒಂದಾದರೂ ನನ್ನ ಗುರುತು ಹಿಡಿಯಲಿಲ್ಲ! ಸೇರಿಸು ಒತ್ತಿದೆ. ಪತ್ರದ ನಡುವೆ ಖಾಲಿ ಕೋಷ್ಟಕವೊಂದು ಬಂದು ಕೂತಿತು. ವಿನ್ಯಾಸ ಒತ್ತಿದೆ. ಪತ್ರವಿಡೀ ಗುಲಾಬಿ ಬಣ್ಣವಾಯಿತು.

"ಸಾರ್, ಮೂರು ಹತ್ತು," ಎಂದಳು ಶೋಭಾ.

ಆಗ ಅಧ್ಯಕ್ಷರು ಒಂದು ಐತಿಹಾಸಿಕ ನಿರ್ಧಾರ ಕೈಗೊಂಡರು. ಯಾರೂ ನೋಡದಂತೆ ಕಂಪ್ಯೂಟರನ್ನು ಇಂಗ್ಲಿಷಿಗೆ ವಾಪಸ್ ತರುವುದು! ಭಾಷೆಗಳ ಪಟ್ಟಿ ಹೇಗೋ ಸಿಕ್ಕಿತು. ಓದುವ ಕನ್ನಡಕ ಮನೆಯಲ್ಲಿತ್ತು. ಅಂದಾಜಿನಲ್ಲಿ ಒತ್ತಿ ಕಂಪ್ಯೂಟರ್ ಆರಿಸಿ ಹಚ್ಚಿದೆ. ಎ ಬಿ ಸಿ ಡಿ ಅಕ್ಷರಗಳು ಕಂಡವು.

"ನೋಡಮ್ಮ, ಬಂತು!"

"ಸಾರ್, ಇದು ಇಂಗ್ಲಿಷ್ ಅಲ್ಲ."

ಅಲ್ಲವೇ ಅಲ್ಲ. ಪಟ್ಟಿಯಲ್ಲಿ ಇಂಗ್ಲಿಷಿನ ಮಗ್ಗುಲಲ್ಲೇ ಇಂಡೋನೇಷಿಯದ ಭಾಷೆ ಇತ್ತು. ಅಕ್ಷರ ಇಂಗ್ಲಿಷಿನದು, ಅರ್ಥ ದೇವರಿಗೇ ಪ್ರೀತಿ! ಶೋಭಾಳ ಕಣ್ಣಲ್ಲಿ ನೀರು ಬಂತು. ನನಗೆ ನಿಜವಾಗಿ ನಾಚಿಕೆಯಾಯಿತು. ಅಷ್ಟರಲ್ಲಿ ಬಾಸ್ ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿನ ಕಡೆ ನಡೆದರು.

ಮೂಲೆಯಲ್ಲಿ ದೇಬಾಶಿಷ್ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ. ಅವನ ಕಂಪ್ಯೂಟರಿನಲ್ಲೂ ಕನ್ನಡವೇ.

"ಏನಾಯ್ತು ಮೇಡಂ?" ಎಂದವನು ವಿಷಯ ತಿಳಿದು, ಆಫೀಸಿನ ನೆಟ್‌ವರ್ಕಿನಲ್ಲಿ ಅವಳ ಫೋಲ್ಡರಿನಲ್ಲಿದ್ದ ಮೂಲ ಪತ್ರವನ್ನು ತನ್ನ ಕಂಪ್ಯೂಟರಿನಲ್ಲೇ ತೆರೆದ. ಪರದೆಯ ಮೇಲೆ ಬೆರಳಿಟ್ಟು, ನಾನು ಕಲಿಸಿದ ಹಾಗೆಯೇ, ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಕ-ಡ-ತ. ಮು-ದ್ರಿ-ಸು. ಆಯ್ತು!"

ಶೋಭಾ ಹಾಳೆ ಹಿಡಿದು ಓಡಿದಳು. ಬಾಸ್ ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತು ಸಹಿ ಹಾಕಿದರು. ನಾಲ್ಕೂವರೆಗೆ ಅವಳಿಂದ ಮೆಸೇಜ್ ಬಂತು: "ಕೊಟ್ಟೆ ಸಾರ್. ದೇಬಾಶಿಷ್‌ಗೆ ಥ್ಯಾಂಕ್ಸ್ ಹೇಳಿ."

ಹೇಳಲು ಹೋದೆ. ಹೋದವನು ಬಾಯಿ ಮುಚ್ಚಿಕೊಂಡು ಬರಬಾರದಿತ್ತೇ? ಅತ್ತಿತ್ತ ನೋಡಿ, ಅವನ ಕಿವಿಯಲ್ಲಿ, "ನನ್ ಕಂಪ್ಯೂಟರ್ನೂ ಸ್ವಲ್ಪ ಇಂಗ್ಲಿಷ್‌ಗೆ ಮಾಡ್ಕೊಡಪ್ಪ," ಎಂದೆ.

ಅವನು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದ. "ಸಾರ್, ಇವತ್ತು ಶುಕ್ರವಾರ."

ಬೇಕರಿಯಲ್ಲಿ ಸಂಜೆಯ ನೂಕುನುಗ್ಗಲು.

"ಏನ್ ಸಾರ್, ನೀವೇ ಬಂದ್ರಾ? ಆ ಬಂಗಾಳಿ ಸಾರ್ ಎಲ್ಲಿ?" ಎಂದ ಬೇಕರಿಯವನು.

"ಅವರಿಗೆ ಕನ್ನಡ ಬಂತಪ್ಪ," ಎಂದೆ. "ಹನ್ನೊಂದು ಖಾರಾ ಬನ್ ಕಟ್ಟು."